ಕೊಣಾಜೆಯ ಬಸ್ಸು ಹತ್ತೋಣ, ಬನ್ನಿ

ಪಿಯುಸಿ ರಿಸಲ್ಟ್ ಬಂದ ವಾರ. ಕುಲಶೇಖರದ ಒಂದು ಮನೆಯ ಜಗಲಿಯಲ್ಲಿ ಕೂತು ಶರಬತ್ತು ಕುಡಿಯುತ್ತಿದ್ದೆ. ಮನೆಯ ಹುಡುಗಿಗೆ ಶೇಕಡಾ 90ರ ಮೇಲೆ ಬಂದಿತ್ತು. "ಬಿಎ ಮಾಡ್ತೇನೆ ಮಾಮ, ಮತ್ತೆ ತುಳುವಿನಲ್ಲಿ ಎಂಎ ಮಾಡ್ಬೇಕು ಅಂತ ಉಂಟು" ಅಂದಳು. ಅವಳ ಅಪ್ಪ ನನ್ನ ಕಡೆ ತಿರುಗಿ, "ಇವಳಿಗೆ ಸ್ವಲ್ಪ ಬುದ್ಧಿ ಹೇಳಿ ಮಾರಾಯ್ರೆ" ಅಂದರು. ಮೂಲೆಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅಜ್ಜಿ ತಲೆ ಎತ್ತಿ ನನ್ನ ಮುಖ ನೋಡಿದರು. ನಾಟಿ ಗದ್ದೆಯಲ್ಲಿ ಪಾಡ್ದನ ಎಂಬ ತುಳು ಹಾಡುಗತೆ ಹೇಳಿ ಬೆಳೆದವರು ಅವರು. ಮೊಮ್ಮಗಳ ಫೋನಿನಲ್ಲಿ ಅವರ ಸ್ವರ ಹದಿನೇಳು ನಿಮಿಷದಷ್ಟು ಇದೆ.

ನಾನು ಬುದ್ಧಿ ಹೇಳಲಿಲ್ಲ. ಅವಳ ಪರವಾಗಿಯೂ ಒಂದು ಮಾತು ಆಡಲಿಲ್ಲ. ಗ್ಲಾಸು ಖಾಲಿ ಮಾಡಿ ಎದ್ದು ಬಂದೆ. ಹುಡುಗಿ ಈಗ ಬಿಸಿಎ ಓದುತ್ತಿದ್ದಾಳೆ.

ಆ ದಿನದ ನನ್ನ ಬಾಯಿಮುಚ್ಚಿದ ಪಾಪಕ್ಕೆ ಈ ಬರಹ.

ನಮ್ಮದು ಎಂಥ ಊರು ಅಂತ ನಮಗೇ ಮರೆತಹಾಗಿದೆ. ಹೊರಗಿನವರಿಗೆ ಕುಲಶೇಖರ ಅಂದರೆ ನಂದಿನಿ ಹಾಲಿನ ಡೈರಿ, ಇಲ್ಲವೇ ಮಳೆಗಾಲದಲ್ಲಿ ಗುಡ್ಡ ಜರಿಯುವ ರೈಲು ಹಳಿ. ಒಳಗೆ ಬಂದರೆ ಕೊರ್ಡೆಲ್ ಇಗರ್ಜಿಯ ಗಂಟೆ ಒಂದು ಕಡೆ, ಕುಲಾಲರ ವೀರನಾರಾಯಣ ದೇವಸ್ಥಾನ ಇನ್ನೊಂದು ಕಡೆ. ಅಂಗಡಿಯಲ್ಲಿ ಕನ್ನಡ, ರಿಕ್ಷಾ ಪಾರ್ಕಿನಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ. ಕ್ರೈಸ್ತರ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರಕ್ಕೆ ಹೋದರೆ ತೆಂಗಿನ ಹಾಲು ಹಚ್ಚುವಾಗ ವೊವಿಯೊ ಹಾಡುವ ಮುದುಕಿಯರು ಇನ್ನೂ ಸಿಗುತ್ತಾರೆ, ಡಿಜೆಯವನು ಸ್ಪೀಕರು ಬಂದ್ ಮಾಡಿದರೆ. ಇಷ್ಟು ಸ್ವರ ಇರುವ ಊರಿನಿಂದ ಆ ಸ್ವರಗಳ ಬಗ್ಗೆ ಓದುವ ಮಕ್ಕಳು ಎಷ್ಟು ಮಂದಿ ಹೋಗುತ್ತಾರೆ? ನಿಮ್ಮ ನಿಮ್ಮ ಓಣಿಯಲ್ಲಿ ಲೆಕ್ಕ ಹಾಕಿ. ನನ್ನ ಓಣಿಯಲ್ಲಿ ಒಬ್ಬಳಿದ್ದಳು. ಅವಳ ಕತೆ ಆಗಲೇ ಹೇಳಿದೆ.

ಓದುವ ಜಾಗ ಇಲ್ಲದೆ ಅಲ್ಲ. ಮಂಗಳೂರಿನಲ್ಲಿ 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಶುರುವಾಯಿತು. 1980ರಲ್ಲಿ ಅದೇ ಕೊಣಾಜೆ ಗುಡ್ಡದ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಅಲ್ಲಿ ಕನ್ನಡ ವಿಭಾಗ ಕಟ್ಟಿದ ಎಸ್.ವಿ. ಪರಮೇಶ್ವರ ಭಟ್ಟರು ಉಪನ್ಯಾಸವನ್ನು ತರಗತಿಯೊಳಗೆ ಕೂಡಿಹಾಕದೆ ಊರೂರಿಗೆ ಕೊಂಡುಹೋದವರು. ಅವರ ನಂತರದವರಿಗೆ ಊರಿನ ದಾರಿ ಪರಿಚಿತವಾಗಿತ್ತು.

ಆ ದಾರಿಯಲ್ಲಿ ಏನು ಸಿಕ್ಕಿತು ಅನ್ನುವುದನ್ನು ನಮ್ಮ ಮಕ್ಕಳಿಗೆ ನಾವು ಹೇಳಿಯೇ ಇಲ್ಲ. ಬೆಳ್ತಂಗಡಿ ತಾಲೂಕಿನ ಮಾಚಾರಿನಲ್ಲಿ ಗೋಪಾಲ ನಾಯ್ಕ ಎಂಬ ರೈತರಿದ್ದರು. ಸಿರಿ ಎಂಬ ದೈವದ ಆರಾಧನೆಯ ಮುಂದಾಳು, ಪಾಡ್ದನಕಾರ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಮತ್ತು ಅವರ ಪತ್ನಿ ಅನೆಲಿ, ಕೊಣಾಜೆಯ ಕನ್ನಡ ವಿಭಾಗದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ, ಇವರೆಲ್ಲ ಗೋಪಾಲ ನಾಯ್ಕರ ಎದುರು ಟೇಪು ಇಟ್ಟು ಕೂತರು. ನಾಯ್ಕರು ಸಿರಿಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ದಿನಗಟ್ಟಲೆ ಹೇಳಿದರು. ಬರೆದು ಎಣಿಸಿದಾಗ 15,683 ಸಾಲು. ಗ್ರೀಕರ ಇಲಿಯಡ್ ಕೂಡ ಹೆಚ್ಚುಕಡಿಮೆ ಅಷ್ಟೇ ಉದ್ದ. ಸಾಲಿಗೆ ಸಾಲು ಇಂಗ್ಲಿಷ್ ಅನುವಾದದೊಂದಿಗೆ 1998ರಲ್ಲಿ ಅದು ಹೆಲ್ಸಿಂಕಿಯಲ್ಲಿ ಅಚ್ಚಾಯಿತು.

ಮತ್ತೊಮ್ಮೆ ಓದಿ. ನೇಗಿಲು ಹಿಡಿದ ಒಬ್ಬ ಮನುಷ್ಯನ ತಲೆಯೊಳಗೆ ಒಂದು ಇಲಿಯಡ್ ಇತ್ತು. ಅದು ಮಾಚಾರಿನ ಗುಡ್ಡ ದಾಟಿ ಜಗತ್ತಿಗೆ ಕಂಡದ್ದು ಭಾಷೆ ಓದಿದ, ಜಾನಪದ ಓದಿದ, "ಎಂತ ಕೆಲಸ ಸಿಗ್ತದೆ ಅದರಲ್ಲಿ?" ಅನ್ನಿಸಿಕೊಂಡ ಮಂದಿ ಎದುರು ಕೂತು ಕೇಳಿಸಿಕೊಂಡದ್ದರಿಂದ. ನಮ್ಮ ಓಣಿಯ ಅಜ್ಜಿಯ ತಲೆಯಲ್ಲಿ ಏನಿದೆಯೋ ಗೊತ್ತಿಲ್ಲ. ಕೇಳಬೇಕಾದವಳನ್ನು ಕಂಪ್ಯೂಟರ್ ಲ್ಯಾಬಿಗೆ ಕಳಿಸಿದ್ದೇವೆ.

ಕೆಲಸದ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸಾಲ ಮಾಡಿ ಓದಿಸುವ ಮನೆಯವರಿಗೆ ಕಲೆ, ಸಂಸ್ಕೃತಿ ಅಂತ ಉಪದೇಶ ಮಾಡುವುದು ಹೊಟ್ಟೆ ತುಂಬಿದವರ ಚಟ. ಅವರಿಗೆ ನನ್ನ ಮಾತು ಅಲ್ಲ. ಎರಡು ಕಾರು, ಗಲ್ಫಿನ ದುಡ್ಡು, ಮೂರು ಮಾಳಿಗೆ ಇದ್ದೂ ಹೆದರುವವರಿಗೆ ಹೇಳುತ್ತಿದ್ದೇನೆ. ತುಳು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಬೇಕು ಅಂತ ಫೋನಿನಲ್ಲಿ ಅಭಿಯಾನ ಮಾಡುತ್ತೀರಿ, ಒಳ್ಳೆಯದು, ಸೇರಲೇಬೇಕು. ಕೊಂಕಣಿ 1992ರಲ್ಲೇ ಸೇರಿತು. ಕೊಂಕಣಿ ಎಂಎ ಬಂತು, 2018ರಲ್ಲಿ ತುಳು ಎಂಎ ಕೂಡ ಬಂತು, ಅದೂ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ, ನಮಗೆ ಸಿಟಿ ಬಸ್ಸಿನ ದೂರದಲ್ಲಿ. 1922ರಲ್ಲಿ ರವೀಂದ್ರನಾಥ ಟಾಗೋರರು ಬಂದುಹೋದ ಜಾಗ ಅದು. ಅವರ ಹೆಸರಿನ ಸಭಾಂಗಣ ಅಲ್ಲಿದೆ. ಅಭಿಯಾನಕ್ಕೆ ಹೆಬ್ಬೆರಳು ಒತ್ತಿದ ಎಷ್ಟು ಅಪ್ಪಂದಿರು ಆ ಕಾಲೇಜಿನ ಅರ್ಜಿ ಫಾರಂ ತಂದಿದ್ದೀರಿ?

ಕ್ಯಾಂಪಸ್ಸಿನವರನ್ನೂ ಸುಮ್ಮನೆ ಬಿಡುವ ಹಾಗಿಲ್ಲ. ಒಮ್ಮೆ ಒಂದು ಕಾಲೇಜಿನ ವಿಚಾರಗೋಷ್ಠಿಗೆ ಹೋಗಿದ್ದೆ. ಹೆಸರು ಬೇಡ. ದೀಪ ಬೆಳಗಿ, ಸಸಿ ಕೊಟ್ಟು, ಶಾಲು ಹೊದೆಸಿ, ಸ್ವಾಗತ ಪ್ರಸ್ತಾವನೆ ಮುಗಿಯುವಾಗ ಒಂದೂವರೆ ಗಂಟೆ ಹೋಗಿತ್ತು. ವೇಷ ಕಟ್ಟಿ ಕಾದ ಕಲಾವಿದರಿಗೆ ಉಳಿದದ್ದು ಹನ್ನೆರಡು ನಿಮಿಷ. ಮಕ್ಕಳು ಹಾಜರಿಗಾಗಿ ಬಂದವರು, ಹಿಂದಿನ ಸಾಲಿನಲ್ಲಿ ರೆಕಾರ್ಡ್ ಬರೆಯುತ್ತಿದ್ದರು. ಊರವನು ಅಂತ ಇದ್ದದ್ದು ನಾನೊಬ್ಬ. ಬಾಗಿಲಲ್ಲಿದ್ದ ಹುಡುಗ ನನ್ನನ್ನು ಕೇಳಿದ, "ಸರ್, ನೀವು ಯಾವ ಕಾಲೇಜಿನಿಂದ?" ಊರಿನವರು ಬರಬಹುದು ಅನ್ನುವ ಅಂದಾಜೇ ಅವನಿಗೆ ಇರಲಿಲ್ಲ. ತಪ್ಪು ಅವನದ್ದಲ್ಲ, ಅವನು ನಮ್ಮನ್ನು ಅಲ್ಲಿ ಕಂಡೇ ಇಲ್ಲವಲ್ಲ!

ನಾವು ಹೋಗದೆ ಇದ್ದರೆ ಕಾರ್ಯಕ್ರಮ ಶಾಲಿಗೇ ಮುಗಿಯುತ್ತದೆ. ಎದುರಿಗೆ ಮಾಚಾರಿನವನೊಬ್ಬ, ಕುಲಶೇಖರದವನೊಬ್ಬ ಕೂತಿದ್ದರೆ ಪಂಡಿತರ ಮಾತಿನ ವರಸೆಯೇ ಬದಲಾಗುತ್ತದೆ. "ಹಾಗಲ್ಲ ಸರ್, ನಮ್ಮಲ್ಲಿ ಅದಕ್ಕೆ ಹೀಗೆ ಹೇಳ್ತಾರೆ" ಅನ್ನುವವನು ಸಭೆಯಲ್ಲಿ ಒಬ್ಬನಾದರೂ ಬೇಕು. ಆವೆಮಣ್ಣು ಹದ ಮಾಡುವ ಕ್ರಮಕ್ಕೆ, ತಿಗರಿಯ ಒಂದೊಂದು ಭಾಗಕ್ಕೆ ನಮ್ಮ ಕುಲಾಲ ಮನೆಗಳ ಹಿರಿಯರ ಬಾಯಲ್ಲಿರುವ ಹೆಸರು ಎಷ್ಟು ಪ್ರೊಫೆಸರರಿಗೆ ಗೊತ್ತು? ಗೊತ್ತಿಲ್ಲದಿದ್ದರೆ ನಾವು ಹೇಳಿಕೊಟ್ಟಿಲ್ಲ ಅಂತ ಅರ್ಥ.

ಆಗುವುದಿಲ್ಲ ಅನ್ನಬೇಡಿ, ನಮ್ಮ ಪಕ್ಕದಲ್ಲೇ ಆಗಿದೆ. 1986ರಲ್ಲಿ ಎರಿಕ್ ಒಝೇರಿಯೊ ಮಾಂಡ್ ಸೊಭಾಣ್ ಎಂಬ ಕೊಂಕಣಿ ಸಂಸ್ಥೆ ಕಟ್ಟಿದರು. ಶಕ್ತಿನಗರದ ಅವರ ಕಲಾಂಗಣದಲ್ಲಿ 2002ರಿಂದ ತಿಂಗಳ ವೇದಿಕೆ ನಡೆದು ಬಂದಿದೆ, ತಿಂಗಳ ಮೊದಲ ಆದಿತ್ಯವಾರ ಸಂಜೆ. ಯಾವ ಡಿಗ್ರಿಯೂ ಕೇಳದೆ ಜನ ಬಂದು ಕೂರುತ್ತಾರೆ. 2008ರ ಜನವರಿಯಲ್ಲಿ ಅದೇ ಸಂಸ್ಥೆ 40 ಗಂಟೆ ನಿಲ್ಲಿಸದೆ ಕೊಂಕಣಿ ಹಾಡಿಸಿ ಗಿನ್ನೆಸ್ ದಾಖಲೆ ಮಾಡಿತು. ದಾಖಲೆಗಿಂತ ನನಗೆ ದೊಡ್ಡದು ಕಾಣುವುದು ಆ ತಿಂಗಳ ತಿಂಗಳ ಕುರ್ಚಿ ಹಾಕುವ ಕೆಲಸ. ಊರು ಇಷ್ಟು ಮಾಡಬಹುದಾದರೆ ಅದಕ್ಕೆ ಕೊಣಾಜೆಯ ಓದು ಸೇರಿದರೆ ಏನಾದೀತು!

ಪಂಪ್‌ವೆಲ್‌ನಲ್ಲಿ ಬಸ್ಸು ಹತ್ತಿ, ನೇತ್ರಾವತಿ ದಾಟಿ, ತೊಕ್ಕೊಟ್ಟಿನಲ್ಲಿ ತಿರುಗಿದರೆ ದೇರಳಕಟ್ಟೆ. ಅಲ್ಲಿ ಬಿಳಿ ಕೋಟಿನ ಮಕ್ಕಳೆಲ್ಲ ಇಳಿಯುತ್ತಾರೆ, ಸೀಟು ಖಾಲಿಯಾಗುತ್ತದೆ. ನೀವು ಇಳಿಯಬೇಡಿ. ಮುಂದಿನದು ಕೊಣಾಜೆ. ಯಕ್ಷಗಾನ ಅಧ್ಯಯನ ಕೇಂದ್ರದ ಆಟ ಇರಲಿ, ಮಂಗಳಾ ಸಭಾಂಗಣದ ನಾಟಕ ಇರಲಿ, ಕನ್ನಡ ವಿಭಾಗದ ಉಪನ್ಯಾಸ ಇರಲಿ, ಒಳಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಯಾರಾದರೂ ಯಾವ ಕಾಲೇಜಿನಿಂದ ಅಂತ ಕೇಳಿದರೆ ಕುಲಶೇಖರದಿಂದ ಅನ್ನಿ. ಬರುವಾಗ ಇಬ್ಬರು ವಿದ್ಯಾರ್ಥಿಗಳನ್ನು ಮನೆಗೆ ಕರೆಯಿರಿ, ಅಜ್ಜಿಯ ಎದುರು ಕೂರಿಸಿ, ಟಿವಿ ಬಂದ್ ಮಾಡಿ.

ನಾನು ಮೊದಲು ಆ ಜಗಲಿಗೆ ಹೋಗಬೇಕು. ಬಿಸಿಎ ಮುಗಿಸಿದವರಿಗೂ ತುಳು ಎಂಎ ಮಾಡಬಹುದಾ ಅಂತ ವಿಚಾರಿಸಿಕೊಂಡು, ಅವಳ ಅಪ್ಪನ ಎದುರೇ ಹೇಳುತ್ತೇನೆ. ನಿಮ್ಮ ಓಣಿಯ ಹುಡುಗಿಗೆ ನೀವು ಹೇಳಿ. ಈ ಸಲ ಶರಬತ್ತು ಕುಡಿದು ಎದ್ದು ಬರಬೇಡಿ.