ಹಗುರ ಡಿಸ್ಕಿನ ಆಸೆ

ನಮ್ಮ ಶಾಲೆಯ ಸೈಕಲ್ ಶೆಡ್ಡಿನಲ್ಲಿ ಹಳೆಯ ಕಪ್ಪು ಸೈಕಲುಗಳು ಈಗ ಎರಡೋ ಮೂರೋ ಉಳಿದಿವೆ. ಮಿಕ್ಕವೆಲ್ಲ ದಪ್ಪ ಟಯರಿನ ಗೇರ್ ಸೈಕಲುಗಳು. ಅವುಗಳ ಚಕ್ರದ ನಡುವೆ ತೂತುಗಳಿರುವ ಒಂದು ಉಕ್ಕಿನ ತಟ್ಟೆ ಇರುತ್ತದೆ. ಅದೇ ಡಿಸ್ಕ್, ರೋಟರ್ ಎಂದೂ ಹೇಳುವುದುಂಟು. ಇದನ್ನು ಕಳಚಿ ಹಗುರವಾದ ಡಿಸ್ಕ್ ಹಾಕಿಸುವ ಹುಚ್ಚು ಈ ವರ್ಷ ನಮ್ಮ ತರಗತಿಗೆ ಹಿಡಿದಿತ್ತು. ಅದು ತಪ್ಪು ಎಂಬುದು ನಮ್ಮ ಅಭಿಪ್ರಾಯ. ಹಾಗೆ ಹಾಕಿಸಿದವರಲ್ಲಿ ನಾವೂ ಇದ್ದೆವು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಲಾಭವೆಷ್ಟೆಂದು ನೋಡೋಣ. 160 ಮಿಲಿಮೀಟರ್ ಅಗಲದ ಸಾಮಾನ್ಯ ಡಿಸ್ಕ್ ಸುಮಾರು 120 ಗ್ರಾಂ ತೂಗುತ್ತದೆ. ಹಗುರದ್ದು 80ರಿಂದ 90 ಗ್ರಾಂ. ಎರಡೂ ಚಕ್ರಗಳಿಗೆ ಸೇರಿ ಉಳಿಯುವುದು 60–80 ಗ್ರಾಂ ಮಾತ್ರ. "ಮಕ್ಕಳೇ, ಚೀಲದಿಂದ ಒಂದು ನೋಟುಪುಸ್ತಕ ತೆಗೆದಿಟ್ಟರೆ ಇದಕ್ಕಿಂತ ಹೆಚ್ಚು ಹಗುರವಾದೀತು" ಎಂದು ಸೈಕಲ್ ಅಂಗಡಿಯ ಮಾವ ನಕ್ಕಿದ್ದರು. ಆಗ ನಮಗೆ ಸಿಟ್ಟು ಬಂದಿತ್ತು.

ಇನ್ನು ನಷ್ಟದ ಲೆಕ್ಕ. ಇದು ನಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ. ಸವಾರನೂ ಸೈಕಲೂ ಸೇರಿ 70 ಕಿಲೋ ಎಂದಿಟ್ಟುಕೊಳ್ಳಿ. 100 ಮೀಟರ್ ಎತ್ತರದಿಂದ ಇಳಿದಾಗ ಸುಮಾರು 68,600 ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಒಂದು ಲೋಟ ತಣ್ಣೀರನ್ನು ಕುದಿಸಲು ಅಷ್ಟು ಸಾಕು! ಸ್ವಲ್ಪ ಪಾಲು ಗಾಳಿಯ ತಡೆಗೆ ಹೋಗುತ್ತದೆ, ನಿಜ. ಆದರೆ ಬ್ರೇಕ್ ಹಿಡಿದುಕೊಂಡೇ ನಿಧಾನವಾಗಿ ಇಳಿದರೆ ಹೆಚ್ಚಿನದೆಲ್ಲ ಆ ಎರಡು ತಟ್ಟೆಗಳ ಮೇಲೆಯೇ ಬೀಳುತ್ತದೆ. ಉಕ್ಕು ಕಡಿಮೆಯಾದಷ್ಟೂ ಅದು ಬೇಗ ಕಾಯುತ್ತದೆ. ತೀರಾ ಕಾದಾಗ ಪ್ಯಾಡುಗಳ ಹಿಡಿತ ಸಡಿಲುತ್ತದೆ. ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕಾದರೆ ಒಳಗಿನ ದ್ರವ ಕುದಿದು ಗುಳ್ಳೆಯೆದ್ದು, ಹಿಡಿ ಒತ್ತಿದರೂ ಸೈಕಲು ನಿಲ್ಲದೆ ಹೋಗಬಹುದು. ತಂತಿಯ ಬ್ರೇಕಿಗೆ ಈ ಕುದಿಯುವ ಭಯವಿಲ್ಲ, ಪ್ಯಾಡಿನ ಭಯ ಮಾತ್ರ ತಪ್ಪಿದ್ದಲ್ಲ.

ಡಿಸೆಂಬರ್ ರಜೆಯಲ್ಲಿ ನಾವು ಐವರು ಪೊಸಡಿಗುಂಪೆಯ ಕಡೆಗೆ ಹೋಗಿದ್ದೆವು. ಇಳಿಯುವಾಗ ಹಗುರ ಡಿಸ್ಕಿನ ಗೆಳೆಯನೇ ಮುಂದಿದ್ದ. ಅರ್ಧ ಇಳಿಜಾರಿನಲ್ಲಿ ಸುಟ್ಟ ವಾಸನೆ ಬಂತು. "ಹಿಡಿಯುವುದಿಲ್ಲವೋ!" ಎಂಬ ಕೂಗು ಕೇಳಿತು. ಅವನು ಬೇಕೆಂದೇ ರಸ್ತೆಬದಿಯ ಮುಳಿಹುಲ್ಲಿಗೆ ನುಗ್ಗಿಸಿದ್ದರಿಂದ ಬದುಕಿದ. ಮುಂದಿನ ತಿರುವಿನಲ್ಲಿ ಒಂದು ಜೀಪು ಹತ್ತುತ್ತಿತ್ತು. ಸೈಕಲು ಎತ್ತಲು ಹೋದ ಇನ್ನೊಬ್ಬನ ಬೆರಳು ಡಿಸ್ಕಿಗೆ ತಾಗಿ ಬೊಬ್ಬೆ ಬಂತು. ಮನೆಯಲ್ಲಿ ಬಿಸಿನೀರು ಬಿತ್ತೆಂದು ಸುಳ್ಳು ಹೇಳಿದೆವು. ಹೆತ್ತವರು ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು.

ಬದಲಿಸಲೇಬೇಕೆಂದಿದ್ದರೆ ಗಾತ್ರ ದೊಡ್ಡದಾಗಲಿ. 160ರ ಬದಲು 180 ಹಾಕಿದರೆ ಅದೇ ಒತ್ತಿಗೆ ಎಂಟನೆಯ ಒಂದು ಭಾಗದಷ್ಟು ಹಿಡಿತ ಹೆಚ್ಚುತ್ತದೆ, ಶಾಖ ಹರಡಲು ಜಾಗವೂ ಸಿಗುತ್ತದೆ. ಆದರೆ ಸೈಕಲಿನ ಚೌಕಟ್ಟು, ಮುಂದಿನ ಫೋರ್ಕು ಎಷ್ಟು ದೊಡ್ಡ ಡಿಸ್ಕನ್ನು ತಾಳುತ್ತವೆಂದು ಅಂಗಡಿಯಲ್ಲಿ ಕೇಳಿಯೇ ಹಾಕಿಸಬೇಕು. ನಮ್ಮೂರಿನ ಮಳೆ, ಮುರಕಲ್ಲಿನ ಹುಡಿ ಎರಡೂ ಸೇರಿ ಡಿಸ್ಕನ್ನು ಅರದಂತೆ ಸವೆಸುತ್ತವೆ. ಹೊಸದರಲ್ಲಿ 1.8 ಮಿಲಿಮೀಟರ್ ದಪ್ಪವಿದ್ದದ್ದು ಸಾಮಾನ್ಯವಾಗಿ 1.5ಕ್ಕೆ ಇಳಿದರೆ ಬದಲಿಸಬೇಕು. ಕಿರುಗುಟ್ಟುತ್ತದೆಂದು ಡಿಸ್ಕಿಗೆ ತೆಂಗಿನೆಣ್ಣೆ ಹಚ್ಚುವವರೂ ನಮ್ಮಲ್ಲಿದ್ದಾರೆ. ಅವರಿಗೆ ಏನು ಹೇಳೋಣ!

ಹೆತ್ತವರಲ್ಲಿ ಒಂದು ಮಾತು. ಮಕ್ಕಳು ಹಗುರ ಡಿಸ್ಕಿಗೆಂದು ದುಡ್ಡು ಕೇಳಿದರೆ ಗದರಿಸಬೇಡಿ. ಆ ದುಡ್ಡಿನಲ್ಲಿ ಮಳೆಗಾಲಕ್ಕೆ ಮೊದಲು ಒಂದು ಜೊತೆ ಒಳ್ಳೆಯ ಪ್ಯಾಡ್ ತೆಗೆದುಕೊಡಿ. ನಮ್ಮ ಗೆಳೆಯ ಹಳೆಯ ಡಿಸ್ಕನ್ನೇ ಮತ್ತೆ ಹಾಕಿಸಿಕೊಂಡಿದ್ದಾನೆ. ಹಗುರದ್ದು ಅವನ ಮನೆಯ ಜಗಲಿಯ ಮೊಳೆಯಲ್ಲಿ ನೇತಾಡುತ್ತಿದೆ.