ಎಮ್ಮೆಗೆ ಬಿದ್ದ ಬರೆ

ದೆಹಲಿಯಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರಲ್ಲಿ ಭರತಪುರ ನೋಡದವರು ಕಡಿಮೆ. ಆಗ್ರಾ ಮುಗಿಸಿ ಜೈಪುರಕ್ಕೆ ಹೋಗುವ ದಾರಿಯಲ್ಲಿ ಅರ್ಧ ದಿನ, ಒಂದು ಸೈಕಲ್ ರಿಕ್ಷಾ, ಕೊಕ್ಕರೆಗಳ ಒಂದಿಷ್ಟು ಫೋಟೋ, ಅಲ್ಲಿಗೆ ಮುಗಿಯಿತು. ಆ ಕೇವಲಾದೇವ ಉದ್ಯಾನದ ಸುತ್ತ ಒಂದು ಕಲ್ಲಿನ ಗೋಡೆಯಿದೆ. ಈ ಸಲ ಅದರ ಕಥೆ ಹೇಳುತ್ತೇನೆ.

ಉದ್ಯಾನವೆಂದರೆ ಬಹಳ ದೊಡ್ಡದೇನಲ್ಲ, ಸುಮಾರು 29 ಚದರ ಕಿಲೋಮೀಟರು. ಭರತಪುರದ ರಾಜರು ತಗ್ಗು ನೆಲಕ್ಕೆ ಒಡ್ಡು ಕಟ್ಟಿ, ನೀರು ಹರಿಸಿ, ಬಾತುಕೋಳಿಯ ಬೇಟೆಗೆಂದು ಮಾಡಿಕೊಂಡ ಜಾಗ. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಸಾಹೇಬರ ಬಳಗ ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಹೊಡೆದುರುಳಿಸಿತು. ಆ ಲೆಕ್ಕವನ್ನು ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸಿದ್ದಾರೆ, ಹೋದಾಗ ನೋಡಿ. ರಾಜರ ಬೇಟೆ ನಡೆಯುತ್ತಿದ್ದ ಕಾಲದಲ್ಲೂ ಸುತ್ತಲಿನ ಹಳ್ಳಿಯವರ ದನ ಎಮ್ಮೆಗಳು ಅಲ್ಲೇ ಮೇಯುತ್ತಿದ್ದವು.

1980ರ ದಶಕದ ಆರಂಭದಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಎಮ್ಮೆಗಳಿಂದ ಹಕ್ಕಿಗಳಿಗೆ ತೊಂದರೆ ಎಂಬ ಅಭಿಪ್ರಾಯ ಬಲವಾಗಿತ್ತು. 1982ರ ನವೆಂಬರಿನಲ್ಲಿ ಮೇಯಿಸುವುದನ್ನು ಒಮ್ಮೆಗೇ ನಿಲ್ಲಿಸಿದರು. ಹಳ್ಳಿಯವರನ್ನು ಕೂರಿಸಿ ಕೇಳಿದ್ದಿಲ್ಲ, ಬದಲಿ ಹುಲ್ಲಿಗೆ ದಾರಿ ತೋರಿಸಿದ್ದೂ ಇಲ್ಲ. ಜನ ತಿರುಗಿಬಿದ್ದರು, ಪೊಲೀಸರು ಗುಂಡು ಹಾರಿಸಿದರು, ಹಳ್ಳಿಗರು ಸತ್ತರು. ಹಕ್ಕಿಗಳನ್ನು ಉಳಿಸಲೆಂದು ಮಾಡಿದ ಕೆಲಸಕ್ಕೆ ಮನುಷ್ಯರು ಪ್ರಾಣ ತೆತ್ತರು.

ಇನ್ನು ಹಕ್ಕಿಗಳಿಗಾದರೂ ಒಳ್ಳೆಯದಾಯಿತೇ? ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1980ರಿಂದ ಹತ್ತು ವರ್ಷ ಅಲ್ಲಿ ಅಧ್ಯಯನ ನಡೆಸಿದರು. ಡಾ. ವಿ. ಎಸ್. ವಿಜಯನ್ ಅದರ ಮುಖ್ಯಸ್ಥರು. ಅವರು ಕಂಡದ್ದೇ ಬೇರೆ. ಎಮ್ಮೆ ಹೋದ ಮೇಲೆ ಪಾಸ್ಪಲಮ್ ಎಂಬ ನೀರುಹುಲ್ಲು ಹೇಳುವವರು ಕೇಳುವವರಿಲ್ಲದೆ ಬೆಳೆದು ಕೆರೆಯ ಮೈ ಮುಚ್ಚಿತು. ಬಾತುಗಳಿಗೆ ಈಜಲು ತೆರೆದ ನೀರು ಕಡಿಮೆಯಾಯಿತು, ಮೀನು ಕುಗ್ಗಿತು. ಎಮ್ಮೆ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಬುಲ್ಡೋಜರ್ ತರಬೇಕಾಯಿತು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಿಮ್ಮ ಅಜ್ಜಿಯಂದಿರು ಹೇಳುವುದನ್ನು ಕೇಳಿರಬಹುದು. ಇಲ್ಲಿ ಅಕ್ಷರಶಃ ಹಾಗೆಯೇ ಆಯಿತು.

ಒಂದು ಮಾತು ಮೆಚ್ಚಬೇಕು. ಮೇಯಿಸುವುದು ನಿಲ್ಲಬೇಕು ಎಂದು ಮೊದಲು ಹೇಳಿದವರಲ್ಲಿ ಅದೇ ಸೊಸೈಟಿಯ ಪಕ್ಷಿತಜ್ಞರೂ ಇದ್ದರು. ಆದರೂ ತಮ್ಮ ಅಧ್ಯಯನ ತಮ್ಮ ಮಾತಿಗೇ ಎದುರಾದಾಗ ಮುಚ್ಚಿಡಲಿಲ್ಲ, ಅಚ್ಚು ಹಾಕಿಸಿದರು. ಎಮ್ಮೆಗಳನ್ನು ಲೆಕ್ಕವಿಲ್ಲದೆ ಬಿಡಬೇಕಿತ್ತೆಂದು ನಾನೂ ಹೇಳುವುದಿಲ್ಲ. ಎಷ್ಟು, ಯಾವ ತಿಂಗಳು, ಯಾವ ಭಾಗದಲ್ಲಿ ಎಂದು ಹಳ್ಳಿಯವರೊಡನೆ ಕೂತು ಗೊತ್ತುಮಾಡಬಹುದಿತ್ತು. ಮುಂದೆ ಹುಲ್ಲು ಕೊಯ್ದು ಹೊತ್ತೊಯ್ಯಲು ಅವರಿಗೆ ಅನುಮತಿ ಕೊಟ್ಟರು. ಬಳ್ಳಾರಿ ಜಾಲಿ ಹಬ್ಬಿದಾಗ ಅದನ್ನು ಬೇರುಸಹಿತ ಕಿತ್ತವರೂ ಅದೇ ಹಳ್ಳಿಗಳವರು, ಕಟ್ಟಿಗೆ ಅವರಿಗೇ ಸಿಕ್ಕಿತು. ನಿಮ್ಮನ್ನು ಕೂರಿಸಿಕೊಂಡು ಹೋಗುವ ರಿಕ್ಷಾದವರಂತೂ ಹಕ್ಕಿಗಳ ಇಂಗ್ಲಿಷ್ ಹೆಸರನ್ನೂ ಪಟಪಟನೆ ಹೇಳುತ್ತಾರೆ. ಮೊದಲೇ ಕೇಳಿದ್ದರೆ ಇಷ್ಟೂ ಜನ ಸಿಗುತ್ತಿದ್ದರು.

ನಮ್ಮ ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲೂ ಇಂಥದೇ ಕಥೆಯುಂಟು, ಎಮ್ಮೆಯ ಬದಲು ಬೆಂಕಿ. ಅಲ್ಲಿನ ಸೋಲಿಗರು ಬೇಸಗೆಯ ಮೊದಲಲ್ಲಿ ಒಣಗಿದ ತರಗಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದಕ್ಕೆ ‘ತರಗು ಬೆಂಕಿ’ ಎಂದೇ ಹೆಸರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಬೆಂಕಿ ನಿಂತಿದ್ದರಿಂದಲೇ ಲಂಟಾನ ಕಾಡನ್ನೆಲ್ಲ ನುಂಗಿತು ಎಂದು ಸೋಲಿಗರು ಹೇಳುತ್ತ ಬಂದರು. ವಿಜ್ಞಾನಿಗಳು ಆ ಮಾತಿಗೆ ಕಿವಿಗೊಟ್ಟದ್ದು ಬಹಳ ತಡವಾಗಿ. 2011ರಲ್ಲಿ ಆ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಂತೆ ಸೋಲಿಗರ ಗ್ರಾಮಸಭೆಗಳಿಗೆ ಸಾಮೂಹಿಕ ಹಕ್ಕುಪತ್ರಗಳೂ ಬಂದವು.

ಈಗ ಕಾನೂನೇ ಬದಲಾಗಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ, ಅರಣ್ಯ ಹಕ್ಕು ಕಾಯ್ದೆ ಅನ್ವಯಿಸುವ ಕಡೆ ಅಭಯಾರಣ್ಯದ ನಿರ್ವಹಣಾ ಯೋಜನೆಯನ್ನು ಗ್ರಾಮಸಭೆಯೊಡನೆ ಸಮಾಲೋಚಿಸಿಯೇ ತಯಾರಿಸಬೇಕು. ಸಭೆ ಕರೆದು, ಚಹಾ ಕೊಟ್ಟು, ಸಹಿ ಹಾಕಿಸಿಕೊಳ್ಳುವುದಕ್ಕೆ ಸಮಾಲೋಚನೆ ಎಂಬ ಹೆಸರು ನಾನಂತೂ ಕೊಡಲಾರೆ. ಯೋಜನೆ ಬರೆಯುವ ಮುಂಚೆ ಕೇಳಿದರೆ ಅದು ಸಮಾಲೋಚನೆ.

ನಾವು ಪಟ್ಟಣದವರು, ಗ್ರಾಮಸಭೆಯಲ್ಲಿ ನಮಗೇನು ಕೆಲಸ ಎನ್ನಬೇಡಿ. ಅಭಯಾರಣ್ಯದ ಸುತ್ತಲಿನ ಜಾಗವನ್ನು ಪರಿಸರ ಸೂಕ್ಷ್ಮ ವಲಯವೆಂದು ಸಾರುವ ಮೊದಲು ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಕರಡು ಪ್ರಕಟಿಸುತ್ತದೆ. ಆಕ್ಷೇಪಣೆ, ಸಲಹೆಗಳಿಗೆ 60 ದಿನಗಳ ಅವಕಾಶ. ಯಾರು ಬೇಕಾದರೂ ಬರೆಯಬಹುದು, ಅಂಚೆಯಲ್ಲೂ ಆದೀತು, ಇಮೇಲಿನಲ್ಲೂ ಆದೀತು. ಕಚೇರಿ ಇರುವುದು ನಮ್ಮದೇ ಜೋರ್ ಬಾಗ್‌ನಲ್ಲಿ. ಕರಡು ಇರುವುದು ಹಿಂದಿ, ಇಂಗ್ಲಿಷಿನಲ್ಲಿ, ನಿಮಗೆ ಎರಡೂ ನೀರು ಕುಡಿದಷ್ಟು ಸಲೀಸು. ಬಹಳಷ್ಟು ಹಳ್ಳಿಗಳವರಿಗೆ ತಮ್ಮ ಹೊಲ ಅದರಲ್ಲಿದೆ ಎಂಬುದೇ 60 ದಿನ ಕಳೆದ ಮೇಲೆ ತಿಳಿಯುತ್ತದೆ. ಅಂಥ ಕರಡು ಕೈಗೆ ಸಿಕ್ಕರೆ ಪೀಠಿಕೆ ಓದುತ್ತ ಕೂರಬೇಡಿ. ನೇರವಾಗಿ ಕೊನೆಯ ಪುಟಗಳಿಗೆ ಹೋಗಿ, ನಕ್ಷೆ ಮತ್ತು ಹಳ್ಳಿಗಳ ಪಟ್ಟಿ ಬಿಡಿಸಿಟ್ಟುಕೊಂಡು, ಗಡಿಯ ಗೆರೆ ಎಲ್ಲಿ ಅಗಲವಾಗಿದೆ, ಎಲ್ಲಿ ಇದ್ದಕ್ಕಿದ್ದಂತೆ ಒಳಕ್ಕೆ ಸರಿದಿದೆ ಎಂದು ಮೊದಲು ನೋಡಿ.