ಕಾದಂಬರಿಯ ದೆವ್ವ ಯಾರ ಹೆಗಲೇರಿದೆ?

ದೇವದೂತರು, ದೆವ್ವಗಳು ಪಾತ್ರಗಳಾಗಿ ಬರುವ ಕಾದಂಬರಿಗಳನ್ನು ಕ್ರೈಸ್ತರು ಓದಬಹುದೇ ಎಂದು ಕೇಳಿದರೆ, ಸಾಮಾನ್ಯವಾಗಿ ಲೇಖಕರ ಜಾತಕ ನೋಡಿ ಉತ್ತರ ಹೇಳುತ್ತಾರೆ. ಫಿಲಿಪ್ ಪುಲ್ಮನ್ ಚರ್ಚಿನ ಕಟು ಟೀಕಾಕಾರರು, ಅವರದು ಬೇಡ. ಫ್ರಾಂಕ್ ಪೆರೆಟ್ಟಿ ಭಕ್ತರು, ಅವರದನ್ನು ಕಣ್ಣುಮುಚ್ಚಿ ಓದಬಹುದು. ನನ್ನ ಎಣಿಕೆ ಇದಕ್ಕೆ ತದ್ವಿರುದ್ಧ. ಎದುರಾಳಿ ಎಂದು ಹೇಳಿಕೊಂಡೇ ಬರುವ ಪುಸ್ತಕದ ಮುಂದೆ ಓದುಗ ತಾನಾಗಿಯೇ ಎಚ್ಚರವಾಗಿರುತ್ತಾನೆ. ನಮ್ಮವರೇ ಬರೆದದ್ದು ಎಂದು ಓದಿದ ಪುಸ್ತಕದ ಕಲ್ಪನೆಯಾದರೋ ಸದ್ದಿಲ್ಲದೆ ನಂಬಿಕೆಯೊಳಗೆ ಸೇರಿಕೊಂಡುಬಿಡುತ್ತದೆ.

ಇದಕ್ಕೆ ಹಳೆಯ ಸಾಕ್ಷಿ ಇಂಗ್ಲಿಷ್ ಕವಿ ಮಿಲ್ಟನ್. ದೂತರ, ದೆವ್ವಗಳ ವಿಷಯದಲ್ಲಿ ಬೈಬಲ್ ಬಲು ಮಿತಭಾಷಿ. ಪ್ರೊಟೆಸ್ಟಂಟರ ಬೈಬಲಿನಲ್ಲಿ ದೇವರ ಪಕ್ಷದ ದೂತರ ಪೈಕಿ ಹೆಸರಿರುವುದು ಗಬ್ರಿಯೇಲ, ಮೀಕಾಯೇಲ ಇಬ್ಬರಿಗೆ ಮಾತ್ರ. ಕಥೋಲಿಕರ ಬೈಬಲಿನಲ್ಲಿ ತೋಬಿತನ ಗ್ರಂಥ ಇರುವುದರಿಂದ ರಫಾಯೇಲನೂ ಸೇರುತ್ತಾನೆ. ಏದೆನ್ ತೋಟದ ಕಥೆಯಲ್ಲಿರುವುದು ಸರ್ಪ, ಸೈತಾನನ ಹೆಸರೇ ಅಲ್ಲಿಲ್ಲ. ಬೈಬಲ್ ಆ ಎರಡನ್ನೂ ಒಂದೇ ಎನ್ನುವುದು ಕಟ್ಟಕಡೆಯ ಪ್ರಕಟನೆ ಗ್ರಂಥದಲ್ಲಿ. ಸೈತಾನನ ಗರ್ವದ ಭಾಷಣ, ನರಕದ ಮಂತ್ರಾಲೋಚನೆ, ಸ್ವರ್ಗದ ಕಾಳಗದ ಸವಿವರ ವರ್ಣನೆ ಇವೆಲ್ಲ ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ಬೇರೂರಿದ್ದು 1667ರ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಿಂದ. ಅದನ್ನು ಬರೆದವನು ನಾಸ್ತಿಕನಲ್ಲ, ಕಟ್ಟಾ ಪ್ಯೂರಿಟನ್.

ಪೆರೆಟ್ಟಿ ಅವರ ‘ದಿಸ್ ಪ್ರೆಸೆಂಟ್ ಡಾರ್ಕ್‌ನೆಸ್’ (1986) ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಆಷ್ಟನ್ ಎಂಬ ಸಣ್ಣ ಪಟ್ಟಣ. ಕತ್ತಿ ಹಿಡಿದ ದೂತರಿಗೂ ರೆಕ್ಕೆಯ ದೆವ್ವಗಳಿಗೂ ಕಾಳಗ. ಊರಿನ ಭಕ್ತರು ಪ್ರಾರ್ಥಿಸಿದಷ್ಟೂ ದೂತರಿಗೆ ಬಲ. ಕಥೆ ಬಿಗಿಯಾಗಿದೆ, ಒಪ್ಪೋಣ. ಆದರೆ ಅಮೆರಿಕದ ಇವ್ಯಾಂಜೆಲಿಕಲ್ ವಲಯದಲ್ಲಿ ಇದನ್ನು ಆತ್ಮಿಕ ಯುದ್ಧದ ಕೈಪಿಡಿಯಂತೆ ಓದಿದವರೂ ಇದ್ದರು. ಅದರಲ್ಲಿ ಧ್ಯಾನ, ಪೂರ್ವದೇಶಗಳ ಅಧ್ಯಾತ್ಮ ಎಲ್ಲವೂ ದೆವ್ವ ಒಳನುಗ್ಗುವ ಬಾಗಿಲು. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕುಳಿತು ಇದನ್ನು ಓದುವ ಕ್ರೈಸ್ತನಿಗೆ ಆ ಬಾಗಿಲು ಪಕ್ಕದ ಮನೆಯದೇ ಆಗಿ ಕಂಡರೆ ಆಶ್ಚರ್ಯವಿಲ್ಲ. ಕಾದಂಬರಿಯ ಹೆಸರಿಗೆ ಮೂಲವಾದ ಎಫೆಸದವರ ಪತ್ರದ 6ನೇ ಅಧ್ಯಾಯದಲ್ಲಿ ಪೌಲನು ಹೇಳುವುದೋ, ನಮ್ಮ ಹೋರಾಟ ಮನುಷ್ಯರ ಮೇಲಲ್ಲ ಎಂದು. ಅವನು ತೊಡಲು ಹೇಳುವ ಕವಚವೂ ಸತ್ಯ, ನೀತಿ, ನಂಬಿಕೆಗಳದ್ದು.

ಸಿ.ಎಸ್. ಲೂಯಿಸ್ 1942ರಲ್ಲಿ ಪ್ರಕಟಿಸಿದ ‘ದ ಸ್ಕ್ರೂಟೇಪ್ ಲೆಟರ್ಸ್’ ದೆವ್ವವನ್ನು ಬೇರೆಡೆ ಕೂರಿಸಿತು. ಹಿರಿಯ ದೆವ್ವವೊಂದು ತನ್ನ ಸೋದರಳಿಯನಿಗೆ ಬರೆದ 31 ಪತ್ರಗಳು ಅವು. ತಾಯಿಯ ಮಾತಿಗೆ ಸಿಡುಕುವುದು, ತಾನು ವಿನಯವಂತನೆಂದು ಬೀಗುವುದು, ಚರ್ಚಿನಲ್ಲಿ ಪಕ್ಕ ಕುಳಿತವನ ಬೂಟು ನೋಡಿ ಮುಖ ಸಿಂಡರಿಸುವುದು, ಆ ದೆವ್ವದ ಕಾರ್ಯಕ್ಷೇತ್ರ ಇಷ್ಟೇ. ಇಲ್ಲಿ ಓದುಗ ಬೆರಳು ತೋರಿಸುವುದಾದರೆ ತನ್ನತ್ತಲೇ ತೋರಿಸಬೇಕು. (ಪತ್ರಗಳು ವಾರಪತ್ರಿಕೆಯಲ್ಲಿ ಬರುತ್ತಿದ್ದಾಗ, ಈ ಉಪದೇಶ ಪೈಶಾಚಿಕವಾಗಿದೆ ಎಂದು ಪಾದ್ರಿಯೊಬ್ಬರು ಚಂದಾ ನಿಲ್ಲಿಸಿದ್ದರಂತೆ!)

ಬೈಬಲಿನ ಧರ್ಮೋಪದೇಶಕಾಂಡ ಮಾಟಮಂತ್ರಗಳನ್ನೇ ನಿಷೇಧಿಸಿರುವಾಗ ಇಂಥ ಓದೇ ಏಕೆ ಎಂಬ ಆಕ್ಷೇಪವಿದೆ. ಅಲ್ಲಿನ ನಿಷೇಧ ಆಚರಣೆಗೆ. ಕಥನಕ್ಕಾಗಿದ್ದರೆ ದೇವರ ಸಭೆಗೆ ಸೈತಾನ ಬಂದು ವಾದಿಸುವ ಯೋಬನ ಗ್ರಂಥವನ್ನೂ ಮುಚ್ಚಿಡಬೇಕಾಗುತ್ತಿತ್ತು. ಇನ್ನು ಎದುರಾಳಿ ಎನಿಸಿಕೊಂಡ ಪುಲ್ಮನ್ ಅವರ ಕೃತಿ ಆಧರಿಸಿದ ನಾಟಕವನ್ನು ಆಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ರೋವನ್ ವಿಲಿಯಮ್ಸ್ 2004ರಲ್ಲಿ ಮೆಚ್ಚಿಕೊಂಡು, ಲೇಖಕರೊಂದಿಗೆ ಬಹಿರಂಗವಾಗಿ ಚರ್ಚಿಸಿದರು. ಚರ್ಚಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಹಾಗಾದರೆ ಲೂಯಿಸರ ಕಲ್ಪನೆಯೂ ನಂಬಿಕೆಯೊಳಗೆ ನುಸುಳುವುದಿಲ್ಲವೇ ಎಂಬುದು ಹೆಚ್ಚು ತೂಕದ ಪ್ರಶ್ನೆ. ನುಸುಳಬಹುದು. ಆದರೆ ಅವರು ಮುನ್ನುಡಿಯಲ್ಲೇ ದೆವ್ವ ಸುಳ್ಳುಗಾರ, ಅದರ ಮಾತೆಲ್ಲ ನಂಬಬೇಡಿ ಎಂದು ಎಚ್ಚರಿಸುತ್ತಾರೆ. ಕಾವಲು ದೂತನಿಗೆ ಪ್ರಧಾನ ದೂತ ಬರೆದ ಪತ್ರಗಳೂ ಇದ್ದರೆ ಪುಸ್ತಕ ಸರಿದೂಗುತ್ತಿತ್ತು, ಆದರೆ ಅಂಥ ಶೈಲಿ ಮನುಷ್ಯನಿಗೆ ಎಟುಕುವುದಲ್ಲ ಎಂದು ಮುಂದೆ ಹೇಳಿ, ಅದನ್ನು ಬರೆಯದೆಯೇ ಬಿಟ್ಟರು. ಪೆರೆಟ್ಟಿ ಅವರಿಗೆ ಆ ಹಿಂಜರಿಕೆ ಇರಲಿಲ್ಲ. ಅವರ ದೂತರು ಸೇನಾಧಿಕಾರಿಗಳಂತೆ ಸಭೆ ಸೇರಿ ಯುದ್ಧತಂತ್ರ ಚರ್ಚಿಸುತ್ತಾರೆ.